ಬಟ್ಟಬಯಲಿನ ಬಾಗಿಲು

ದೆವ್ವ ಕಂಡೆ, ಭೂತ ಕಂಡೆ ಎಂದು ಯಾರಾದರೂ ಹೇಳಲು ಶುರು ಮಾಡಿದರೆ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಎಷ್ಟು ಅಡಿ ದೂರದಲ್ಲಿ? ಹೇಳುವವರು ಅಲ್ಲಿಗೇ ತಡವರಿಸುತ್ತಿದ್ದರು. ಒಬ್ಬರು ಹತ್ತು ಅಡಿ ಎಂದರೆ ಅವರ ಜೊತೆಗಿದ್ದವರು ಐವತ್ತು ಎನ್ನುತ್ತಿದ್ದರು. ಅಷ್ಟಾದರೆ ನನ್ನ ಕೆಲಸ ಮುಗಿಯಿತು. ಮೂವತ್ತು ವರ್ಷ ನಾನು ಹೊಟ್ಟೆ ಹೊರೆದದ್ದು ಅಳತೆಯ ಟೇಪು ಹಿಡಿದು. ಹಳೆಯ ಗುಡಿ, ಕೋಟೆ, ಬಾವಿಗಳನ್ನು ಅಳೆದು ನಕಾಶೆ ಬರೆಯುವುದು ನನ್ನ ವೃತ್ತಿ. ಅಳತೆಗೆ ಸಿಗದಂಥದ್ದು ಯಾವುದೂ ಇಲ್ಲ ಎಂದು ನಂಬಿದ್ದೆ, ಹಾಗೆ ನಂಬದವರನ್ನು ಗೇಲಿ ಮಾಡುತ್ತಿದ್ದೆ. ನನ್ನ ಹೆಂಡತಿ ಅಮಾವಾಸ್ಯೆಗೆಂದು ಹೊಸ್ತಿಲ ಮೇಲೆ ಇಟ್ಟ ನಿಂಬೆಹಣ್ಣನ್ನು ಎತ್ತಿ ಶರಬತ್ತು ಮಾಡಿಕೊಂಡು ಕುಡಿದ ಭೂಪ ನಾನು.

ಹಾಗಾಗಿ ಈಗ ಹೇಳಲು ಹೊರಟದ್ದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಹನ್ನೆರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಇನ್ನೂ ಮುಚ್ಚಿಕೊಂಡೇ ಇರುತ್ತಿದ್ದೆನೋ ಏನೋ, ಆದರೆ ಕಳೆದ ತಿಂಗಳು ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. ಸಂಶೋಧನೆ ಮಾಡುತ್ತಿದ್ದಾಳಂತೆ. ಕಾಗಿಣಾ ಹೊಳೆಯ ದಂಡೆಯಲ್ಲಿ ಸಿಕ್ಕ ಬಸದಿಯ ಉತ್ಖನನ ವರದಿಯಲ್ಲಿ ನಾನು ಬರೆದ ಒಂದು ವಾಕ್ಯ ಅವಳಿಗೆ ಬಹಳ ಹಿಡಿಸಿದೆಯಂತೆ. ಮೇಲ್ಮೈ ಮೇಲೆ ಚದುರಿದ್ದ ಕಲ್ಲಿನ ಚೂರುಗಳ ಆಧಾರದಿಂದ ಅಗೆಯುವ ಜಾಗವನ್ನು ಆರಿಸಿಕೊಳ್ಳಲಾಯಿತು ಎಂದು ಅದರಲ್ಲಿದೆ. ಚಿಂಚೋಳಿ ಕಡೆಗೆ ನಾನೂ ಹಾಗೆಯೇ ಜಾಗ ಆರಿಸಬೇಕೆಂದಿದ್ದೇನೆ, ಆ ಚೂರುಗಳ ಟಿಪ್ಪಣಿ ಇದ್ದರೆ ಕಳಿಸಿಕೊಡಿ ಸರ್ ಎಂದಳು. ಹುಡುಕಿ ಹೇಳುತ್ತೇನಮ್ಮ ಎಂದು ಫೋನ್ ಇಟ್ಟೆ. ಟಿಪ್ಪಣಿ ಇಲ್ಲ. ಚೂರುಗಳೂ ಇರಲಿಲ್ಲ. ಆ ವಾಕ್ಯ ಸುಳ್ಳು. ಮೂವತ್ತು ವರ್ಷದ ಕೆಲಸದಲ್ಲಿ ನಾನು ಬರೆದ ಸುಳ್ಳು ಅದೊಂದೇ. ಅದನ್ನು ಯಾಕೆ ಬರೆದೆ ಎಂದು ಈಗ ಹೇಳಿಬಿಡುತ್ತೇನೆ.

ಮೊದಲು ನನ್ನ ಎತ್ತರ ತಿಳಿದಿರಲಿ. ಆರು ಅಡಿ ಒಂದು ಇಂಚು. ನಮ್ಮ ಚಿತ್ತಾಪುರ, ಸೇಡಂ ಸೀಮೆಯ ಹಳೆಯ ಮನೆಗಳನ್ನು ನನ್ನಂಥವರಿಗೆಂದು ಕಟ್ಟಿಲ್ಲ. ಗೋಡೆಗೂ ಶಹಾಬಾದ ಕಲ್ಲು, ನೆಲಕ್ಕೂ ಅದೇ, ಚಾವಣಿಗೂ ಅದೇ ಕಲ್ಲಿನ ಚಪ್ಪಡಿ, ಬಾಗಿಲ ನೆತ್ತಿಯ ಅಡ್ಡಗಲ್ಲೂ ಅದೇ. ಚಿಕ್ಕಂದಿನಿಂದ ಎಷ್ಟು ಮನೆಗಳ ಅಡ್ಡಗಲ್ಲಿಗೆ ಹಣೆ ಕೊಟ್ಟಿದ್ದೇನೋ ನನಗೇ ಗೊತ್ತಿಲ್ಲ. ಹೆಣ್ಣು ನೋಡಲು ಹೋದ ದಿನವೂ ಬಿಡಲಿಲ್ಲ. ಮಾವನ ಮನೆಯ ಬಾಗಿಲಿಗೆ ಬಡಿದುಕೊಂಡು, ಹಣೆಯ ಮೇಲೆ ಬೋರೆಹಣ್ಣಿನಷ್ಟು ಬುಗುಟು ಹೊತ್ತುಕೊಂಡೇ ಚುರುಮುರಿಯ ಸುಸಲಾ ತಿಂದೆ. ಪರದೆಯ ಹಿಂದೆ ಹುಡುಗಿ ನಕ್ಕದ್ದು ಕೇಳಿಸಿತು. ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ: ಯಾವ ಬಾಗಿಲು ಬಂದರೂ ಮೊದಲು ಕೈ ಮೇಲೆತ್ತಿ ಅಡ್ಡಗಲ್ಲು ತಡವಿ ನೋಡುವುದು, ಆಮೇಲೆ ತಲೆ ಬಗ್ಗಿಸುವುದು. ಒಟ್ಟಿನಲ್ಲಿ ಹಣೆಗೆ ಅಡ್ಡಗಲ್ಲು ಬಡಿದರೆ ಹೇಗಿರುತ್ತದೆ ಎಂಬ ವಿಷಯದಲ್ಲಿ ನಾನು ನುರಿತವನು. ಬಿಸಿಲಿಗೆ ತಲೆ ತಿರುಗಿದ್ದಕ್ಕೂ ಕಲ್ಲು ಬಡಿದದ್ದಕ್ಕೂ ಇರುವ ವ್ಯತ್ಯಾಸ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ದಂಡೋತಿಯಿಂದ ಸ್ವಲ್ಪ ದೂರ, ಕಾಗಿಣಾ ಹೊಳೆಯ ದಂಡೆಯ ಮೇಲೆ ಒಂದು ಸಣ್ಣ ಊರು. ಹೆಸರು ಬೇಡ. ಆ ಊರಿನ ಒಬ್ಬರ ಮನೆಯಲ್ಲಿ ಹಳೆಯ ಹಗೇವು ಇತ್ತು. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕುಣಿ. ಅದರ ಬಾಯಿಗೆ ಮುಚ್ಚಿದ್ದ ಚಪ್ಪಡಿಯನ್ನು ಮಗುಚಿದಾಗ ಒಳಮೈಯಲ್ಲಿ ಅಕ್ಷರ ಕಂಡವು. ಓದಿದವರು ಹೇಳಿದ್ದಿಷ್ಟು: ಊರ ಬಡಗಣ ದಿಕ್ಕಿಗೆ, ಎಂದರೆ ಉತ್ತರಕ್ಕೆ, ಊರವರೇ ಕೂಡಿ ಒಂದು ಬಸದಿ ಕಟ್ಟಿಸಿದ್ದಾರೆ, ದೀಪಕ್ಕೆ ಎಣ್ಣೆ ಗಾಣದವರು ಕೊಡಬೇಕು, ಉಳಿದದ್ದನ್ನು ಊರವರು ನಡೆಸಿಕೊಂಡು ಹೋಗಬೇಕು. ಹೊಳೆಯ ಮೇಲ್ಗಡೆ ಮಳಖೇಡವಿದೆ, ಅಲ್ಲಿ ಅರಸರು ಇದ್ದರು. ಇಲ್ಲಿನದು ಒಕ್ಕಲಿಗರು, ಗಾಣಿಗರು, ಅಂಗಡಿಯವರು ಸೇರಿ ತಮಗಾಗಿ ಕಟ್ಟಿಕೊಂಡ ಸಣ್ಣ ಬಸದಿ. ನನಗೆ ಅದೇ ಹೆಚ್ಚು ಇಷ್ಟವಾಯಿತು. ಆದರೆ ಬಸದಿ ಎಲ್ಲಿತ್ತು? ಊರಲ್ಲಿ ಒಂದು ಜೈನರ ಮನೆಯೂ ಇಲ್ಲ, ಬಸದಿ ಎಂಬ ಮಾತನ್ನೂ ಯಾರೂ ಕೇಳಿರಲಿಲ್ಲ. ಗೋಡೆಯ ಕಲ್ಲುಗಳು ಯಾವ ಕಾಲಕ್ಕೋ ಬಾವಿಗೆ, ಬದುವಿಗೆ, ಮನೆಗಳಿಗೆ ಹೋಗಿಬಿಟ್ಟಿದ್ದವು.

ಅದನ್ನು ಹುಡುಕಲು ಬಂದ ತಂಡದಲ್ಲಿ ನಾನು ನಕಾಶೆಯವನು. ತಂಡದ ಮುಖ್ಯಸ್ಥರು ಮೈಸೂರು ಕಡೆಯವರು. ಊರವರು ಅವರನ್ನು ದೊಡ್ಡ ಸಾಹೇಬರೆಂದೂ ನನ್ನನ್ನು ನಕಾಶಾ ಸಾಹೇಬರೆಂದೂ ಕರೆಯುತ್ತಿದ್ದರು. ದೊಡ್ಡ ಸಾಹೇಬರು ಓದಿಕೊಂಡವರು, ಮೃದು ಮಾತಿನವರು, ಸ್ವಲ್ಪ ಹಟಮಾರಿ. ಬೇಸಿಗೆಯ ಆರು ವಾರ ನಮ್ಮ ಅವಧಿ. ಮಳೆ ಬೀಳುವುದರೊಳಗೆ ಅಗೆದು, ಅಳೆದು, ಮುಚ್ಚಿ ಹೋಗಬೇಕು. ಊರ ಬಡಗಣಕ್ಕೆ ಸ್ವಲ್ಪ ದಿಬ್ಬದಂತಿದ್ದ ಹೊಲ ಒಂದೇ. ಅದು ಶಾಂತಾಬಾಯಿಯದು. ಅಲ್ಲಿಯೇ ಅಗೆಯಲು ಶುರು ಮಾಡಿದೆವು.

ಶಾಂತಾಬಾಯಿಗೆ ಆಗ ನಲವತ್ತೈದರ ಆಸುಪಾಸು. ಶಹಾಬಾದಿನ ಕಲ್ಲುಗಣಿಗಳಲ್ಲಿ ಹದಿನೆಂಟು ವರ್ಷ ಚಪ್ಪಡಿ ಸೀಳಿದವಳು. ಗಂಡ ವಾಡಿಯಲ್ಲಿ ಗುತ್ತಿಗೆ ಕೂಲಿ, ವಾರಕ್ಕೊಮ್ಮೆ ಬರುತ್ತಿದ್ದ. ಇಬ್ಬರು ಹೆಣ್ಣುಮಕ್ಕಳು. ಹೊಳೆಯ ಬದಿಗೆ ಅವರ ಮಣ್ಣಿನ ಮನೆಯಿತ್ತು, ಹಿಂದಿನ ವರ್ಷದ ಮಹಾಪೂರಕ್ಕೆ ಎರಡು ಗೋಡೆ ಕೂತುಹೋದವು. ಅಂದಿನಿಂದ ನಾಲ್ಕು ತಗಡಿನ ಕೆಳಗೆ ಸಂಸಾರ. ಹೊಳೆ ಮುಟ್ಟದಂಥ ಎತ್ತರದ ಜಾಗ ಎಂದರೆ ಅವಳ ಹೊಲದ ಆ ದಿಬ್ಬ. ಅದರ ಮೂಲೆಯಲ್ಲಿ ಬುನಾದಿ ಕಟ್ಟಿ ಮುಗಿಸಿದ್ದಳು. ಮಳೆಗಾಲದೊಳಗೆ ಗೋಡೆ ಎಬ್ಬಿಸಿ ಚಪ್ಪಡಿ ಹೊದಿಸಬೇಕು. ಬುನಾದಿಯ ಒಂದು ಮೂಲೆ ತೋರಿಸಿ, ಇಲ್ಲಿ ಬುದ್ಧನ ಪಟ ಎಂದು ಮಕ್ಕಳು ನನಗೆ ಹೇಳಿದ್ದರು. ನಮ್ಮ ಅಗೆತಕ್ಕೂ ಅವಳು ಕೂಲಿಗೆ ಬರುತ್ತಿದ್ದಳು. ತನ್ನ ಹೊಲ ಅಗೆಯಲು ತಾನೇ ಗುದ್ದಲಿ ಹಿಡಿದಿದ್ದಳು ಎನ್ನಿ.

ನಾಲ್ಕನೇ ವಾರ, ಒಂದೂವರೆ ಅಡಿ ಆಳದಲ್ಲಿ ಕಲ್ಲಿನ ನೆಲ ಸಿಕ್ಕಿತು. ನುಣ್ಣಗೆ, ಸಮತಟ್ಟಾಗಿ, ಚಪ್ಪಡಿಗಳ ನಡುವಿನ ಸಂದುಗಳು ಗೆರೆ ಎಳೆದಂತೆ ನೇರ. ಮೇಲೆ ಮಡಕೆಯ ಚೂರು, ಒಂದು ಕಡೆ ಮೂರ್ತಿಯೊಂದರ ಮುರಿದ ಮೊಣಕಾಲು. ದೊಡ್ಡ ಸಾಹೇಬರ ಮುಖ ಅರಳಿತು. ಅಂಚಿನ ಒಂದು ಚಪ್ಪಡಿಯನ್ನು ಮೀಟಿ ನೋಡಿದರೆ ಅದರ ಕೆಳಗೆ ಇನ್ನೊಂದು. ನೋಡಿ, ಎರಡು ಪದರ ಹಾಸಿದ್ದಾರೆ, ಎಂಥ ಗಟ್ಟಿ ಕೆಲಸ ಎಂದು ಕೈ ಕುಲುಕಿದರು. ಆ ನೆಲ ನೇರವಾಗಿ ಶಾಂತಾಬಾಯಿಯ ಬುನಾದಿಯ ಕೆಳಗೆ ಹೋಗುತ್ತಿತ್ತು.

ಶಾಂತಾಬಾಯಿ ಕುಣಿಗೆ ಇಳಿದು, ಕುಕ್ಕರಗಾಲಲ್ಲಿ ಕುಳಿತು, ಸಣ್ಣ ಸುತ್ತಿಗೆಯಿಂದ ಮೂರು ಕಡೆ ಬಡಿದು ನೋಡಿದಳು.

"ಇದು ಹಾಸಿದ ಕಲ್ಲ ಅಲ್ರಿ ಸಾಹೇಬ್ರ. ಹುಟ್ಟಿದ ಕಲ್ಲ ಅದ. ಹಾಸಿದ್ದಕ್ಕ ಕೆಳಗ ಮಣ್ಣಿರ್ತದ, ಬಡದ್ರ ಟಣ್ ಅಂತದ. ಇದು ಮಾತಾಡಂಗಿಲ್ಲ."

ದೊಡ್ಡ ಸಾಹೇಬರಿಗೆ ಅರ್ಥವಾಗಲೆಂದು ನಾನು ಬಿಡಿಸಿ ಹೇಳಿದೆ. ಅವರು ನಕ್ಕು, ಆಕೆಯ ಮನೆ ಅಲ್ಲಿ ಏಳಬೇಕು, ಆಕೆ ಇನ್ನೇನು ತಾನೆ ಹೇಳುತ್ತಾಳೆ, ಪಾಪ ಎಂದರು. ನಾನೂ ತಲೆಯಾಡಿಸಿದೆ. ಅವರು ಮೈಸೂರಿನವರು, ತಪ್ಪಿದರೆ ಕ್ಷಮೆ ಉಂಟು. ನನಗೇನಾಗಿತ್ತು? ನಮ್ಮ ನೆಲದ ಬಂಡೆ ಪುಸ್ತಕದ ಹಾಳೆಯ ಹಾಗೆ ಪದರ ಪದರವಾಗಿ, ಚೌಕ ಚೌಕವಾಗಿ ಬಿರಿದುಕೊಂಡೇ ಹುಟ್ಟುತ್ತದೆ. ನಮ್ಮ ಹಿತ್ತಲಲ್ಲೇ ಅಂಥದ್ದರ ಮೇಲೆ ಕುಳಿತು ನಾನು ಅಕ್ಷರ ಕಲಿತದ್ದು. ಮೂರು ವಾರ ಏನೂ ಸಿಗದೆ ಬೇಸತ್ತಿದ್ದೆವು, ಸಿಕ್ಕಿತು ಎಂದರೆ ಸಾಕಾಗಿತ್ತು. ಹಾಗಾಗಿ ಕಣ್ಣೆದುರಿನದೂ ಕಾಣಲಿಲ್ಲ.

ಇನ್ನು ಉಳಿದದ್ದು ನನ್ನ ನಕಾಶೆ. ಬಸದಿಯ ಜಾಗ ಇಷ್ಟು ಎಂದು ನಾನು ಕೆಂಪು ಗೆರೆ ಹೊಡೆಯಬೇಕು. ಗೆರೆಯೊಳಗಿನ ಜಾಗವನ್ನು ಸರಕಾರದವರು ವಶಕ್ಕೆ ತೆಗೆದುಕೊಳ್ಳುತ್ತಾರೆ. ಬುನಾದಿ ಗೆರೆಯೊಳಗೆ ಬರುತ್ತದೆ, ಒಡೆಯಬೇಕು. ಬೇರೆ ಜಾಗ ಕೊಡಿಸೋಣ ಎಂದು ದೊಡ್ಡ ಸಾಹೇಬರು ಮನಃಪೂರ್ವಕವಾಗಿಯೇ ಹೇಳಿದರು. ಬೇರೆ ಜಾಗ ಸಿಗಲು ಎಷ್ಟು ಮಳೆಗಾಲ ಕಳೆಯುತ್ತವೆ ಎಂಬುದು ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಶಾಂತಾಬಾಯಿಗೂ ಗೊತ್ತಿತ್ತು. ಒಂದು ಸಂಜೆ ನಾನು ಮೇಜು ಹಾಕಿಕೊಂಡಿದ್ದ ಡೇರೆಗೆ ಬಂದಳು. ಅಳಲಿಲ್ಲ, ಕೈ ಮುಗಿಯಲಿಲ್ಲ.

"ನಿಮಗ ದೇವರ ಮನಿ ಸಿಗಬೇಕು, ನನಗ ನನ್ನ ಮನಿ ಬೇಕು. ಗೆರಿ ಹೊಡಿಯೂದು ನಿಮ್ಮ ಕೈಯಾಗ ಅದ. ಖರೇ ನೋಡಿ ಹೊಡೀರಿ."

ಅಳತೆ ಎಲ್ಲಿ ಹೇಳುತ್ತದೋ ಗೆರೆ ಅಲ್ಲಿಗೆ ಹೋಗುತ್ತದಮ್ಮ, ಅದು ನನ್ನ ಕೈಯಲ್ಲಿಲ್ಲ ಎಂದೆ. ಎಷ್ಟು ಒಣ ದನಿಯಲ್ಲಿ ಹೇಳಿದೆ ಎಂದರೆ ಈಗ ನೆನೆದರೂ ಮೈ ಉರಿಯುತ್ತದೆ. ಅವಳು ತನ್ನ ತಗಡಿನ ಕಡೆಗೆ ಹೋದಳು.

ಮರುದಿನ ಮಧ್ಯಾಹ್ನ. ನಕಾಶೆಗೆ ಒಂದೇ ಒಂದು ಅಳತೆ ಬಾಕಿಯಿತ್ತು, ಹೊಲದ ಬಡಗಣ ಬದುವಿನಿಂದ ಹೊಳೆಯ ದಂಡೆಗೆ ಎಷ್ಟು ದೂರ ಎಂಬುದು. ಎಲ್ಲರೂ ಬೇವಿನ ಗಿಡದ ಕೆಳಗೆ ರೊಟ್ಟಿ, ಪುಂಡಿಪಲ್ಯ ಮುಗಿಸಿ ಅಡ್ಡಾಗಿದ್ದರು. ಬಿಸಿಲು ಇಳಿಯಲಿ ಎಂದು ಮೇಸ್ತ್ರಿ ಮಹಿಬೂಬ ಹೇಳಿದ. ನಾನು ಕೇಳಲಿಲ್ಲ. ಸ್ಪಷ್ಟವಾಗಿ ಬರೆಯುತ್ತೇನೆ: ಹೊಟ್ಟೆ ತುಂಬ ಉಂಡಿದ್ದೆ, ಎರಡು ತಂಬಿಗೆ ನೀರು ಕುಡಿದಿದ್ದೆ, ತಲೆಯ ಮೇಲೆ ಟೊಪ್ಪಿಗೆ ಇತ್ತು, ಜ್ವರ ಇರಲಿಲ್ಲ. ಮಾತ್ರೆ, ಮದ್ಯ ಯಾವುದರ ಅಭ್ಯಾಸವೂ ನನಗಿಲ್ಲ.

ಬದುವಿನಾಚೆ ಊರ ಗೈರಾಣ, ದನ ಮೇಯುವ ಸರಕಾರಿ ಬಯಲು. ಸಪಾಟಾದ ನೆಲ, ಒಣ ಹುಲ್ಲು. ಗಿಡವಿಲ್ಲ, ಕಂಬವಿಲ್ಲ, ತಂತಿಯಿಲ್ಲ. ಹೊಳೆಯ ದಂಡೆಯಲ್ಲಿ ನಾನೇ ನೆಟ್ಟಿದ್ದ ಕೆಂಪು ಬಿಳಿ ಕೋಲಿನ ಮೇಲೆ ಕಣ್ಣಿಟ್ಟು ನೇರ ನಡೆಯುತ್ತಿದ್ದೆ. ಬದು ದಾಟಿ ಹತ್ತು ಹನ್ನೆರಡು ಹೆಜ್ಜೆ ಹೋಗಿರಬೇಕು, ಮೈಗೆ ತಂಪು ತಾಗಿತು. ಬಿಸಿಲಲ್ಲಿ ಬಂದವರು ಕಲ್ಲಿನ ಮನೆಯೊಳಗೆ ಕಾಲಿಟ್ಟರೆ ಆಗುತ್ತದಲ್ಲ, ಆ ತಂಪು. ಹೊಳೆಯ ಗಾಳಿ ಎಂದುಕೊಂಡೆ. ಹಿತವೆನಿಸಿತು. ಹಾಗೆಯೇ ಎಂಟೋ ಹತ್ತೋ ಹೆಜ್ಜೆ ನಡೆದೆ. ಮುಂದಿನ ಹೆಜ್ಜೆಗೆ ಹಣೆ ಠಪ್ಪೆಂದು ಬಡಿಯಿತು.

ಟೊಪ್ಪಿಗೆ ಹಿಂದಕ್ಕೆ ಬಿತ್ತು. ಕಣ್ಣಲ್ಲಿ ನೀರು ತುಂಬಿ ಏನೂ ಕಾಣದಾಯಿತು. ನನ್ನ ಬಾಯಿಂದ ಹೊರಟ ಮೊದಲ ಮಾತು, ಯಾವತ್ತಿನಂತೆ, ಬಾಗಿಲು ಇಟ್ಟವನಿಗೆ ಬೈಗುಳ: ಎತ್ತರ ಕಟ್ಟಲಿಕ್ಕೆ ಏನು ಧಾಡಿಯಾಗಿತ್ತು ಇವರಿಗೆ ಎಂದೆ. ಎಡಗೈಯಲ್ಲಿ ಹಣೆ ಹಿಡಿದುಕೊಂಡು, ರೂಢಿಯ ಪ್ರಕಾರ ಬಲಗೈ ಮೇಲೆತ್ತಿ ಅಡ್ಡಗಲ್ಲು ತಡವಿದೆ. ಕೈಗೆ ಏನೂ ಸಿಗಲಿಲ್ಲ. ಕಣ್ಣೊರೆಸಿಕೊಂಡು ನೋಡಿದರೆ ಬಯಲು, ಒಣ ಹುಲ್ಲು, ಆಚೆಗೆ ಹೊಳೆ. ತಂಪು ಹೋಗಿ ಬಿಸಿಲು ಮತ್ತೆ ಚುರುಗುಟ್ಟುತ್ತಿತ್ತು.

ನಾನು ಬಿದ್ದಿರಲಿಲ್ಲ, ನಿಂತೇ ಇದ್ದೆ. ಪ್ಯಾಂಟಿಗೆ ಮಣ್ಣಿರಲಿಲ್ಲ. ಯಾರಾದರೂ ಕಲ್ಲು ಎಸೆದರೇನೋ ಎಂದು ಸುತ್ತ ಹುಡುಕಿದೆ, ಒಂದು ಹರಳೂ ಇಲ್ಲ, ಎಸೆಯುವವರೂ ಇಲ್ಲ. ಹಣೆ ಮಾತ್ರ ಊದಿಕೊಳ್ಳುತ್ತಿತ್ತು. ಹೆದರಿಕೆಯಾಯಿತೇ ಎಂದು ಕೇಳಿದರೆ, ಆಗ ಆಗಲಿಲ್ಲ. ನನಗಾದದ್ದು ಸಿಟ್ಟು. ಏನು ಮಾಡಬೇಕೆಂದು ತಿಳಿಯದೆ, ಅಳತೆಯವರು ಮಾಡುವುದನ್ನೇ ಮಾಡಿದೆ. ಚೀಲದಿಂದ ಒಂದು ಗೂಟ ತೆಗೆದು ನಿಂತ ಜಾಗದಲ್ಲಿ ನೆಟ್ಟು ವಾಪಸು ಬಂದೆ.

ನನ್ನ ಹಣೆ ನೋಡಿ ಮಹಿಬೂಬ, ಯಾರು ಹೊಡೆದರು ಸಾಬ್ ಎಂದು ಎದ್ದು ನಿಂತ. ದೊಡ್ಡ ಸಾಹೇಬರು ಬಿಸಿಲಿನ ಝಳ ಎಂದು ಗ್ಲುಕೋಸ್ ಕಲೆಸಿ ಕೊಟ್ಟರು. ಶಾಂತಾಬಾಯಿ ತನ್ನ ಬುನಾದಿಯ ಕಡೆಯಿಂದ ಬಂದು, ಮಣ್ಣಿನ ಕೊಡದ ನೀರು ತುಂಬಿದ ಸ್ಟೀಲ್ ತಂಬಿಗೆಯನ್ನು ನನ್ನ ಹಣೆಗೆ ಒತ್ತಿ ಹಿಡಿದಳು. ಹಿಂದಿನ ದಿನ ನಾನು ಅವಳಿಗೆ ಹಾಗೆ ಮಾತಾಡಿದವನು ಎಂಬುದು ಅವಳ ಕೈಯಲ್ಲಿ ಕಾಣಲಿಲ್ಲ.

"ಎದಕ್ಕ ಬಡಸ್ಕೊಂಡ್ರಿ?" ಎಂದು ಕೇಳಿದಳು.

"ಬಾಗಲಕ್ಕ" ಎಂದೆ. ಯೋಚಿಸದೆ ಬಂದ ಉತ್ತರ.

ಯಾವ ಬಾಗಿಲು ಎಂದು ಯಾರಾದರೂ ಕೇಳಬೇಕಲ್ಲ. ಅವಳು ಕೇಳಲಿಲ್ಲ. ಒಮ್ಮೆ ಗೈರಾಣದ ಕಡೆಗೆ ನೋಡಿ, ತಂಬಿಗೆಯನ್ನು ಇನ್ನಷ್ಟು ಒತ್ತಿ ಹಿಡಿದಳು. ಸಂಜೆ ಚಿತ್ತಾಪುರದಲ್ಲಿ ಡಾಕ್ಟರಿಗೆ ತೋರಿಸಿದೆ. ಬಿಪಿ ಸರಿಯಿದೆ, ಸಕ್ಕರೆ ಸರಿಯಿದೆ, ಎಲ್ಲೋ ಗಿಡ್ಡ ಬಾಗಿಲಿಗೆ ಬಡಿದುಕೊಂಡಿದ್ದೀರಿ, ತರಚಿದ ಗೆರೆ ಎಷ್ಟು ನೇರವಾಗಿದೆ ನೋಡಿ ಎಂದರು.

ಅವತ್ತು ಸಂಜೆಯೇ ಕೆಂಪು ಗೆರೆ ಎಳೆದು ನಕಾಶೆ ಒಪ್ಪಿಸಬೇಕಿತ್ತು. ಪೆನ್ನು ಹಿಡಿದು ಕುಳಿತೆ, ಎಳೆಯಲಾಗಲಿಲ್ಲ. ಅಲ್ಲಿ ಬಾಗಿಲಿದೆ ಎಂದು ನಂಬಿದೆ ಎಂದು ತಿಳಿಯಬೇಡಿ. ನಂಬಿರಲಿಲ್ಲ. ಆದರೆ ಹಣೆ ನೋಯುತ್ತಿತ್ತು. ನಡೆದ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ, ಮುಳ್ಳಿನ ಪೊದೆಯನ್ನೂ ಬಿಡದೆ, ಹಾಳೆಯ ಮೇಲೆ ಹಾಕಿದವನು ನಾನು. ಹಣೆಗೆ ಬಡಿದದ್ದನ್ನು ಮಾತ್ರ ಬಿಟ್ಟುಬಿಡುವುದು ಹೇಗೆ? ಖರೇ ನೋಡಿ ಹೊಡೀರಿ ಎಂದಿದ್ದಳು ಆ ಹೆಂಗಸು.

ಬೆಳಿಗ್ಗೆ ದೊಡ್ಡ ಸಾಹೇಬರ ಮುಂದೆ ನಿಂತು ಸುಳ್ಳು ಹೇಳಿದೆ. ಬದುವಿನಾಚೆ ಕೆತ್ತಿದ ಕಲ್ಲಿನ ಚೂರುಗಳು ಚದುರಿವೆ, ಒಂದು ಸಣ್ಣ ಕುಣಿ ತೆಗೆಸಿ ನೋಡೋಣ, ಆಮೇಲೆ ಗೆರೆ ಎಳೆಯುತ್ತೇನೆ ಎಂದೆ. ಬಂದು ನೋಡುತ್ತಾರೆ, ಸಿಕ್ಕಿಬೀಳುತ್ತೇನೆ ಎಂದೇ ಎಣಿಸಿದ್ದೆ. ಅವರು ಕುರ್ಚಿಯಿಂದಲೇ, ನೀವು ಹೇಳಿದ ಮೇಲೆ ಇರುತ್ತೆ ಬಿಡಿ, ಮೂರು ದಿನ ಕೊಡುತ್ತೇನೆ ಎಂದರು. ಅವರು ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಗೂಟದ ಸುತ್ತ ಆರು ಅಡಿ ಚೌಕ ಹಾಕಿಕೊಟ್ಟೆ. ಮೊದಲ ದಿನ ಎರೆ ಮಣ್ಣು. ಎರಡನೇ ದಿನವೂ ಎರೆ ಮಣ್ಣು, ಎರಡು ಬಸವನಹುಳದ ಚಿಪ್ಪು. ಮಹಿಬೂಬ ನನ್ನ ಮುಖ ನೋಡುವುದನ್ನು ಬಿಟ್ಟ. ಚೂರುಗಳು ಎಲ್ಲಿದ್ದವು ಎಂದು ದೊಡ್ಡ ಸಾಹೇಬರು ಒಮ್ಮೆ ಕೇಳಿದರು. ದನ ತುಳಿದು ಹೋಗಿರಬೇಕು ಎಂದು ಗೊಣಗಿದೆ. ಮುದಿ ವಯಸ್ಸಿಗೆ ಎಂಥ ಗತಿ ತಂದುಕೊಂಡೆನಪ್ಪಾ ಎಂದು ನನಗೇ ಹೇಸಿಗೆಯಾಯಿತು. ಶಾಂತಾಬಾಯಿ ಮಾತ್ರ ಏನೂ ಕೇಳದೆ ಅಗೆಯುತ್ತಿದ್ದಳು. ಉಳಿದವರು ಬೆನ್ನು ನೆಟ್ಟಗೆ ಮಾಡಿಕೊಳ್ಳಲು ನಿಂತಾಗಲೂ ಅವಳು ನಿಲ್ಲುತ್ತಿರಲಿಲ್ಲ.

ಮೂರನೇ ದಿನ ಮಧ್ಯಾಹ್ನದ ಹೊತ್ತಿಗೆ ಅವಳ ಗುದ್ದಲಿ ಟಣ್ ಎಂದಿತು. ಅವಳು ಗುದ್ದಲಿ ಬದಿಗಿಟ್ಟು, ಕುಳಿತು, ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕಿವಿಗೊಟ್ಟಳು. ಆಮೇಲೆ ತಲೆಯೆತ್ತಿ ನನ್ನನ್ನೇ ನೋಡಿದಳು.

"ಇದು ಮಾತಾಡ್ತದ" ಎಂದಳು.

ಅದು ಕರಿಕಲ್ಲಿನ ಹೊಸ್ತಿಲು. ನಡುವೆ ಸವೆದ ತಾವರೆ. ಅದರ ಹೊರಬದಿಗೆ, ಹೊಳೆಯ ಕಡೆಗೆ, ಅರ್ಧಚಂದ್ರದ ಮೆಟ್ಟಿಲುಗಲ್ಲು. ಒಳಬದಿಗೆ ಮಗುಚಿ ಬಿದ್ದಿದ್ದ ಅಡ್ಡಗಲ್ಲು, ಎರಡು ತುಂಡಾಗಿತ್ತು, ಮಣ್ಣು ಒರೆಸಿದಾಗ ಮಧ್ಯದಲ್ಲಿ ಧ್ಯಾನಕ್ಕೆ ಕುಳಿತ ಹೆಬ್ಬೆರಳುದ್ದದ ಜಿನನ ಮೂರ್ತಿ ಕಂಡಿತು. ದೊಡ್ಡ ಸಾಹೇಬರು ಬೂಟು ಕಳಚಿ ಕುಣಿಗಿಳಿದರು. ಆಮೇಲೆ ಶಾಂತಾಬಾಯಿಯ ಸುತ್ತಿಗೆ ಇಸಿದುಕೊಂಡು ಹೊಸ್ತಿಲನ್ನು ಬಡಿದು ಕೇಳಿದರು, ಬರಿಗಾಲಲ್ಲೇ 'ನೆಲ'ದ ಹತ್ತಿರ ಹೋಗಿ ಅದನ್ನೂ ಬಡಿದು ಕೇಳಿದರು. ಅಲ್ಲಿ ಇನ್ನೂ ಮೂರು ಚಪ್ಪಡಿ ಮೀಟಿಸಿದರು. ಪದರದ ಕೆಳಗೆ ಪದರ, ಬರೀ ಬಂಡೆ. ನಿಮ್ಮ ಮಾತು ಅವತ್ತೇ ಕೇಳಬೇಕಾಗಿತ್ತು ತಾಯಿ, ತಪ್ಪಾಯಿತು ಎಂದು ಎಲ್ಲರೆದುರು ಹೇಳಿದರು. ದೊಡ್ಡ ಮನುಷ್ಯರು. ನಾನು ಹೇಳಲಿಲ್ಲ.

ಕೆಂಪು ಗೆರೆ ಗೈರಾಣದಲ್ಲೇ ಬಿತ್ತು. ಇಡೀ ಬಸದಿ ಬದುವಿನಾಚೆಗೇ ಇತ್ತು. ಶಾಂತಾಬಾಯಿಯ ಮನೆಗೆ ಮೃಗಶಿರ ಮಳೆಗೆ ಮೊದಲೇ ಚಪ್ಪಡಿ ಹೊದಿಸಿದರು. ಆ ವರ್ಷ ಹೊಳೆ ಮತ್ತೆ ಉಕ್ಕಿತು, ದಿಬ್ಬ ಹತ್ತಲಿಲ್ಲ.

ಇಷ್ಟೇ ಆಗಿದ್ದರೆ ನಾನು ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಬಿಸಿಲಿಗೆ ತಲೆ ತಿರುಗಿತ್ತು, ಅದೃಷ್ಟಕ್ಕೆ ಸರಿಯಾದ ಜಾಗದಲ್ಲಿ ತಿರುಗಿತ್ತು ಎನ್ನುತ್ತಿದ್ದೆ. ಆದರೆ ನಾನು ಅಳೆಯುವವನು. ಬಾಗಿಲ ಚೌಕಟ್ಟಿನ ಮುರಿದ ತುಂಡುಗಳನ್ನು ಜೋಡಿಸಿ ಎತ್ತರ ತೆಗೆದೆ. ಹೊಸ್ತಿಲಿನಿಂದ ಅಡ್ಡಗಲ್ಲಿನ ಕೆಳಅಂಚಿಗೆ ಐದು ಅಡಿ ಎಂಟು ಇಂಚು. ಗೋಡೆಗೆ ನಿಂತು ನನ್ನ ಹಣೆಯ ಗಾಯದ ಎತ್ತರ ತೆಗೆದೆ. ಅದೂ ಅಷ್ಟೇ. ಖುಷಿಪಡುವಂತಿರಲಿಲ್ಲ, ಯಾಕೆಂದರೆ ಹೊಸ್ತಿಲು ಇದ್ದದ್ದು ಬಯಲಿನ ಮಟ್ಟಕ್ಕಿಂತ ಮೂರು ಅಡಿ ಕೆಳಗೆ. ಬಾಗಿಲು ಇವತ್ತಿಗೂ ನಿಂತಿದ್ದರೂ ಅಡ್ಡಗಲ್ಲು ಬಯಲಿನಿಂದ ಮೂರು ಅಡಿಯೂ ಮೇಲೆ ಇರುತ್ತಿರಲಿಲ್ಲ. ನನ್ನ ತೊಡೆಗೆ ಬಡಿಯಬೇಕಿತ್ತು, ಹಣೆಗಲ್ಲ. ಇನ್ನೊಂದು ಸಂಗತಿ: ಬಾಗಿಲ ಮುಖ ಬಡಗಣಕ್ಕೆ, ನಾನು ನಡೆದದ್ದೂ ಬಡಗಣಕ್ಕೆ. ಎಂದರೆ ನಾನು ಒಳಗೆ ಹೋಗುತ್ತಿರಲಿಲ್ಲ, ಹೊರಗೆ ಬರುತ್ತಿದ್ದೆ. ಆ ತಂಪಿನಲ್ಲಿ ನಡೆದ ಎಂಟು ಹತ್ತು ಹೆಜ್ಜೆಗಳನ್ನು ನಕಾಶೆಯ ಮೇಲೆ ಹಾಕಲು ನನಗೆ ಧೈರ್ಯವಾಗಲಿಲ್ಲ. ವರದಿಯಲ್ಲಿ ಚೂರುಗಳ ಸುಳ್ಳನ್ನೇ ಬರೆದು ಸಹಿ ಮಾಡಿದೆ.

ಫೋನ್ ಬಂದ ವಾರವೇ ಚಿತ್ತಾಪುರದಿಂದ ಬಸ್ಸು ಹತ್ತಿ ಶಾಂತಾಬಾಯಿಯ ಮನೆಗೆ ಹೋದೆ. ಹನ್ನೆರಡು ವರ್ಷದಲ್ಲಿ ಅದೇ ಮೊದಲು. ಅವಳಿಗೆ ಕೂದಲು ನರೆತಿದೆ, ಮಕ್ಕಳಿಬ್ಬರ ಮದುವೆಯಾಗಿದೆ. ಬರ್ರಿ, ಕುಂದ್ರಿ ಎಂದು ಚಹಾ ಮಾಡಿದಳು. ಒಂದು ಸಂಗತಿ ಕಂಡು ನಗು ಬಂತು: ಇಡೀ ಊರಿನಲ್ಲಿ ಅಷ್ಟು ಎತ್ತರದ ಬಾಗಿಲು ಇನ್ನೊಂದಿಲ್ಲ. ನಕಾಶಾ ಸಾಹೇಬರು ಎಂದಾದರೂ ಬಂದಾರು ಎಂದು ಗೋಡೆ ಕಟ್ಟುವ ಗೌಂಡಿಗೆ ಹೇಳಿ ಒಂದು ಮೊಳ ಏರಿಸಿದ್ದಳಂತೆ. ಹನ್ನೆರಡು ವರ್ಷ ಬರದೆ ಇದ್ದದ್ದಕ್ಕೆ ನಾಚಿಕೆಯಾಯಿತು. ಅವತ್ತು ಹೇಳದೆ ಉಳಿದ 'ತಪ್ಪಾಯಿತು' ಎಂಬ ಮಾತನ್ನು ಆಗ ಹೇಳಿದೆ. ಆಮೇಲೆ ಚೂರುಗಳ ಸುಳ್ಳು, ಬಾಗಿಲಿನ ಲೆಕ್ಕ, ಮೂರು ಅಡಿಯ ವ್ಯತ್ಯಾಸ, ಎಲ್ಲವನ್ನೂ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅವಳು ಚಹಾದ ಬಟ್ಟಲು ಕೆಳಗಿಟ್ಟಳು.

"ನಾ ಅವತ್ತ ಈ ಬುನಾದಿ ಮ್ಯಾಲೇ ನಿಂತಿದ್ದೆ. ನೀವು ಬದು ದಾಟಿದ್ರಿ, ಪೂರಾ ಮನಷ್ಯಾ ಕಂಡ್ರಿ. ಆಮ್ಯಾಲ ಪಾವಟಿಗಿ ಇಳದಂಗ ಇಳಕೋತ ಹೋದ್ರಿ. ಟೊಂಕದ ಕೆಳಗ ಇದ್ದಿಲ್ಲ ನೀವು. ಹಂಗೇ ನಡೀಲಿಕತ್ತಿದ್ರಿ. ಹಣಿ ಹಿಡಕೊಂಡ ಮ್ಯಾಲ ಮತ್ತ ಪೂರಾ ಕಂಡ್ರಿ."

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಕಲ್ಲಿನ ಮಾತೇ ನಂಬಲಿಲ್ಲ ನೀವು. ಮನಿ ಉಳಸ್ಕೋಳಾಕ ಹೇಳ್ತಾಳ ಅಂದ್ರಿ. ಇದನ್ನ ಹೇಳಿದ್ರ ನಂಬ್ತಿದ್ರೇನ್ರಿ?"

ನನ್ನ ನಾಲಿಗೆಯನ್ನು ಹಳೆಯ ಚಟ ಬಿಟ್ಟಿಲ್ಲ. ಎಷ್ಟು ಅಡಿ ಕಾಣಲಿಲ್ಲ ಎಂದು ಕೇಳಿಯೇ ಬಿಟ್ಟೆ. ಅವಳು ನಗಲಿಲ್ಲ. ನನ್ನನ್ನು ಎದ್ದು ನಿಲ್ಲಲು ಹೇಳಿ, ಅಂಗೈಯನ್ನು ಅಡ್ಡ ಮಾಡಿ ನನ್ನ ಪ್ಯಾಂಟಿನ ಜೇಬಿನ ಹತ್ತಿರ ಹಿಡಿದಳು, ಇಲ್ಲಿತನ ಎಂದಳು. ಜೇಬಿನಲ್ಲಿ ಈಗಲೂ ಟೇಪು ಇರುತ್ತದೆ. ನೆಲದಿಂದ ಅವಳ ಕೈಗೆ ಹಿಡಿದು ನೋಡಿದೆ. ಮೂರು ಅಡಿ.

ಇದು ಪುರಾವೆಯಲ್ಲ ಎಂದು ನನಗೆ ಗೊತ್ತು. ಆ ಕುಣಿ ತೋಡಿದವಳು ಅವಳೇ. ಅದರ ಆಳ ಎಷ್ಟೆಂದು ಅವಳ ಕೈಗೆ ಗೊತ್ತಿರುತ್ತದೆ, ಹನ್ನೆರಡು ವರ್ಷದಲ್ಲಿ ಕಂಡದ್ದೂ ತೋಡಿದ್ದೂ ಬೆರೆತುಹೋಗಿರಬಹುದು. ಹೀಗೆ ನಾನೇ ಬೇರೆಯವರಿಗೆ ಎಷ್ಟು ಸಲ ಹೇಳಿಲ್ಲ. ಆದರೆ ಆ ಮಧ್ಯಾಹ್ನ ಬಾಗಲಕ್ಕ ಎಂದಾಗ ಯಾವ ಬಾಗಿಲು ಎಂದು ಅವಳು ಕೇಳಲಿಲ್ಲ, ಗೈರಾಣದ ಕಡೆಗೆ ನೋಡಿದ್ದಳು. ಅದಕ್ಕೇನು ಹೇಳಲಿ? ಚೂರುಗಳಿರಲಿಲ್ಲ ಎಂದು ಆ ಸಂಶೋಧನೆಯ ಹುಡುಗಿಗೆ ಹೇಳಿಬಿಡುತ್ತೇನೆ, ಅಷ್ಟು ನಿರ್ಧಾರ ಮಾಡಿದ್ದೇನೆ. ಮತ್ತೆ ಹೇಗೆ ಜಾಗ ಆರಿಸಿದಿರಿ ಸರ್ ಎಂದು ಅವಳು ಕೇಳುತ್ತಾಳೆ.

ಅವತ್ತು ಹೊರಡುವಾಗ ಶಾಂತಾಬಾಯಿಯ ಬಾಗಿಲಲ್ಲಿ ನಿಂತೆ. ತಲೆ ಬಗ್ಗಿಸಬೇಕಾದ ಅಗತ್ಯವೇನೂ ಇರಲಿಲ್ಲ. ಆದರೂ ಕೈ ಮೇಲೆತ್ತಿ ಅಡ್ಡಗಲ್ಲು ತಡವಿ ನೋಡಿದೆ. ಕೈಗೆ ಸಿಕ್ಕಿತು.